ರಷ್ಯನ್ ಕಲಿಕೆಯ ಆರಂಭ: ಇಂಗ್ಲಿಷ್ ಮೂಲಕ ಬೇಡ, ಕನ್ನಡದಿಂದಲೇ ಹೋಗೋಣ

ರಷ್ಯನ್ ಪಾಠಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಬಲ್ಲವರಿಗೆಂದೇ ಬರೆದವು. ಅವು ಹೆದರಿಸುವ ಕಡೆಯಲ್ಲೆಲ್ಲ ಕನ್ನಡದವರು ಹೆದರಬೇಕಿಲ್ಲ. ಬೆಳಗಾವಿಯಲ್ಲಿ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವರಿಗಂತೂ ಇನ್ನೂ ಸಲೀಸು.

ಲಿಪಿಯಲ್ಲಿ 33 ಅಕ್ಷರಗಳಿವೆ. ಗೊಂದಲ ಮಾಡುವುದು ಇಂಗ್ಲಿಷ್‌ನಂತೆ ಕಾಣುವ ಅಕ್ಷರಗಳೇ. ಪಿ ಆಕಾರದ್ದು 'ರ', ಎಚ್ ಆಕಾರದ್ದು 'ನ', ಸಿ ಆಕಾರದ್ದು 'ಸ', ದೊಡ್ಡ ಬಿ ಆಕಾರದ್ದು 'ವ'. ಇವನ್ನೇ ಮೊದಲು ಕಲಿಯಿರಿ. ಉಚ್ಚಾರವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ರಷ್ಯನ್‌ನಲ್ಲಿ ಟ, ಡ ಇಲ್ಲ, ತ, ದ ಮಾತ್ರ. 'ಸ್ಟೂಡೆಂಟ್' ಅಲ್ಲ, 'ಸ್ತುದ್ಯೆಂತ್'.

ಇನ್ನು ವಾಕ್ಯ. 'ನಾನು ವಿದ್ಯಾರ್ಥಿ' ಅನ್ನಲು 'ಯಾ ಸ್ತುದ್ಯೆಂತ್' ಅಂದರೆ ಮುಗೀತು, ನಡುವೆ ಕ್ರಿಯಾಪದ ಬೇಡ. 'ನನಗೆ ಚಳಿ' ಎಂಬುದಕ್ಕೆ 'ಮ್ನ್ಯೆ ಖೋಲದ್ನ'. 'ಮ್ನ್ಯೆ' ಅಂದರೆ ನನಗೆ. ವಯಸ್ಸು, ಇಷ್ಟ ಹೇಳುವಾಗಲೂ ಇದೇ 'ಮ್ನ್ಯೆ': ನನಗೆ ಇಪ್ಪತ್ತು ವರ್ಷ, ನನಗೆ ಈ ಹಾಡು ಇಷ್ಟ. 'ನನ್ನ ಹತ್ತಿರ ಪುಸ್ತಕ ಇದೆ' ಎಂಬುದು 'ಉ ಮಿನ್ಯಾ ಯೆಸ್ತ್ ಕ್ನೀಗ'. ಇಲ್ಲಿ 'ಉ' ಹತ್ತಿರ, 'ಮಿನ್ಯಾ' ನನ್ನ. ಅಲ್ಲೂ ಷಷ್ಠಿ, ಇಲ್ಲೂ ಷಷ್ಠಿ! ಇಂಗ್ಲಿಷ್‌ನಿಂದ ಬಂದವರು ಇದನ್ನೆಲ್ಲ ಉರು ಹೊಡೆಯಬೇಕು. 'ನೀನು', 'ನೀವು' ಭೇದವೂ ಉಂಟು: 'ತಿ', 'ವಿ'. ಆ 'ಇ' ಮಾತ್ರ ನಮ್ಮದಲ್ಲ, ನಾಲಿಗೆ ಹಿಂದಕ್ಕೆಳೆದು ಹೇಳಬೇಕು.

ವಿಭಕ್ತಿ ಆರು. ಅನ್ನು, ಇಗೆ, ಇಂದ, ಅಲ್ಲಿ ಬಳಸುವ ನಮಗೆ ಕಲ್ಪನೆ ಹೊಸದಲ್ಲ. ಆದರೆ 'ಅಲ್ಲಿ' ಅನ್ನಲು ಪದದ ಕೊನೆ ಬದಲಾದರೆ ಸಾಲದು, ಮುಂದೆ 'ವ್' ಕೂಡ ಬೇಕು. 'ಮಸ್ಕ್ವಾ' ಮಾಸ್ಕೋ, 'ವ್ ಮಸ್ಕ್ವ್ಯೆ' ಮಾಸ್ಕೋದಲ್ಲಿ. ವಿಜಯಪುರವೂ ಹಾಗೇ, 'ವ್ ವಿಜಯಪುರ್ಯೆ'. ಬೆಳಗಾವಿ 'ಇ'ಯಲ್ಲಿ ಮುಗಿಯುವುದರಿಂದ ಅವರ ಸೋಚಿ ಊರಿನಂತೆ ಬದಲಾಗದೆ ಉಳಿಯುತ್ತದೆ: 'ವ್ ಬೆಲಗಾವಿ'. ಬೆಳಗಾವಿಯವರಿಗೆ ಒಂದು ಕೆಲಸ ಕಡಿಮೆ!

ಕಷ್ಟ ಇರುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ 'ಅದು'. ಅಲ್ಲಿ 'ಸ್ತೋಲ್' ಪುಲ್ಲಿಂಗ, 'ಕ್ನೀಗ' ಸ್ತ್ರೀಲಿಂಗ, 'ಅಕ್ನೋ' ನಪುಂಸಕ. ಮರಾಠಿಯ ತೋ, ತೀ, ತೇ ಗೊತ್ತಿದ್ದರೆ ಒನ್ (ಅವನು), ಅನಾ (ಅವಳು), ಅನೋ (ಅದು) ಬೇಗ ಹಿಡಿಸುತ್ತದೆ. ಹಾಗಂತ ಮರಾಠಿಯ ಲಿಂಗವನ್ನೇ ಎತ್ತಿಟ್ಟುಕೊಳ್ಳಬೇಡಿ, ಪದದ ಕೊನೆ ನೋಡಿ. ವ್ಯಂಜನವಾದರೆ ಪುಲ್ಲಿಂಗ, 'ಅ' ಆದರೆ ಸ್ತ್ರೀಲಿಂಗ, 'ಒ' ಆದರೆ ನಪುಂಸಕ. ಬಹುಪಾಲು ಇದು ಸಾಕು.

ಇನ್ನೊಂದು ತೊಡಕು ಒತ್ತು, ಅಂದರೆ ಪದದ ಒಂದು ಸ್ವರವನ್ನು ಉಳಿದವಕ್ಕಿಂತ ಒತ್ತಿ ಹೇಳುವುದು. ಬರೆದಂತೆ ಓದುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಒತ್ತು ಬೀಳದ 'ಒ' ಸುಮಾರಾಗಿ 'ಅ' ಆಗುತ್ತದೆ. ಹಾಲಿಗೆ ಬರೆಯುವುದು 'ಮೊಲೊಕೊ', ಓದುವುದು 'ಮಲಕೋ'. 'ಜ಼ಾಮಕ್' ಅಂದರೆ ಕೋಟೆ, 'ಜ಼ಮೋಕ್' ಅಂದರೆ ಬೀಗ. ಬರೆಯುವುದು ಎರಡನ್ನೂ ಒಂದೇ ಥರ. ಪತ್ರಿಕೆಗಳಲ್ಲಿ ಒತ್ತಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಹೊಸ ಪದವನ್ನು ಕೇಳಿಸಿಕೊಂಡೇ ಬರೆಯಿರಿ, ಒತ್ತಿನ ಕೆಳಗೆ ಗೆರೆ ಎಳೆಯಿರಿ.

ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ: 'ಪಿಸಾಲ್' ಬರೆಯುತ್ತಿದ್ದ, 'ನಪಿಸಾಲ್' ಬರೆದು ಮುಗಿಸಿದ. ಒಂದಷ್ಟು ಪದ ಬಾಯಿಗೆ ಬರುವ ತನಕ ಅದರ ಗೊಡವೆ ಬೇಡ.