ಇರುವೆಗೆ ಊಟ, ಗಿಡಕ್ಕೆ ಕಾವಲು: ಅಕೇಶಿಯಾದ ಲೆಕ್ಕಾಚಾರ

ಸಹಜೀವನದ ಪಾಠ ಬಂದಾಗ ‘ಇಬ್ಬರಿಗೂ ಲಾಭ’ ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಗಿಡ ಇರುವೆಗೆ ಏನನ್ನು, ಯಾವಾಗ ಉಣಿಸುತ್ತದೆ ಎಂದು ನೋಡಿದರೇ ಈ ವಿಷಯ ತೆರೆದುಕೊಳ್ಳುವುದು.

ಮೆಕ್ಸಿಕೋ, ಮಧ್ಯ ಅಮೆರಿಕಗಳಲ್ಲಿ ಗೂಳಿಯ ಕೊಂಬಿನಂಥ ಮುಳ್ಳುಗಳ ಅಕೇಶಿಯಾ ಎಂಬ, ಜಾಲಿಯ ಬಳಗದ ಗಿಡ ಇದೆ. ಸೂಡೊಮಿರ್ಮೆಕ್ಸ್ ಇರುವೆಗಳು ಆ ಮುಳ್ಳಿನ ತುದಿಯ ಬಳಿ ತೂತು ಕೊರೆದು ಒಳಗೆ ಗೂಡು ಮಾಡುತ್ತವೆ. ಊಟ ಎರಡು ಬಗೆ. ಎಲೆತೊಟ್ಟಿನ ಗ್ರಂಥಿಯಲ್ಲಿ ಮಕರಂದ ಜಿನುಗುತ್ತದೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಕಿರುಎಲೆಗಳ ತುದಿಯಲ್ಲಿ ಪ್ರೊಟೀನ್, ಕೊಬ್ಬು ತುಂಬಿದ ಪುಟ್ಟ ಗುಳಿಗೆಗಳಿರುತ್ತವೆ. ಇವೇ ಬೆಲ್ಟಿಯನ್ ಕಾಯಗಳು. ಇರುವೆಗಳು ಇವನ್ನು ಕಿತ್ತು ಒಯ್ದು ತಮ್ಮ ಲಾರ್ವಾಗಳಿಗೆ ತಿನ್ನಿಸುತ್ತವೆ. ಪ್ರತಿಯಾಗಿ ಎಲೆ ತಿನ್ನಲು ಬಂದವರನ್ನು ಕುಟುಕುತ್ತವೆ, ಹಬ್ಬಿ ಬರುವ ಬಳ್ಳಿಗಳನ್ನೂ ಕತ್ತರಿಸುತ್ತವೆ. ಇರುವೆಗಳನ್ನು ತೆಗೆದುಹಾಕಿದರೆ ಕೀಟಗಳು ಗಿಡವನ್ನು ಬೋಳಿಸುತ್ತವೆ ಎಂದು ಜೀವವಿಜ್ಞಾನಿ ಡೇನಿಯಲ್ ಜಾನ್ಸೆನ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು.

ನನಗೆ ಅತ್ಯಂತ ಸೋಜಿಗವೆನಿಸುವುದು ಆ ಮಕರಂದದ ರಸಾಯನ. ಬಹುಪಾಲು ಇರುವೆಗಳಿಗೆ ಸುಕ್ರೋಸ್ ಎಂಬ ಸಕ್ಕರೆ ಇಷ್ಟ. ಈ ಗಿಡ ಮಕರಂದಕ್ಕೆ ಇನ್ವರ್ಟೇಸ್ ಎಂಬ ಕಿಣ್ವ ಬೆರೆಸಿ, ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಮೊದಲೇ ಒಡೆದಿಡುತ್ತದೆ. ಬಿಟ್ಟಿ ಉಣ್ಣಲು ಬರುವ ಬೇರೆ ಇರುವೆಗಳಿಗೆ ಅದು ರುಚಿಸುವುದಿಲ್ಲ. ಕಾವಲಿನ ಇರುವೆಗಳಿಗೋ ಅದೇ ಬೇಕು, ಏಕೆಂದರೆ ಸುಕ್ರೋಸ್ ಒಡೆಯುವ ಸಾಮರ್ಥ್ಯ ಅವುಗಳ ಕೆಲಸಗಾರರಲ್ಲಿ ಇರುವುದಿಲ್ಲ. ಆ ಸಾಮರ್ಥ್ಯ ಹೋದದ್ದು ಹೇಗೆ? ವಿಜ್ಞಾನಿ ಮಾರ್ಟಿನ್ ಹೈಲ್ ಮತ್ತು ಸಂಗಡಿಗರು 2014ರಲ್ಲಿ ಉತ್ತರ ಕೊಟ್ಟರು: ಮಕರಂದದಲ್ಲಿರುವ ಕೈಟಿನೇಸ್ ಎಂಬ ಇನ್ನೊಂದು ಕಿಣ್ವ ಇರುವೆಯ ಇನ್ವರ್ಟೇಸನ್ನು ತಡೆಯುತ್ತದೆ. ಒಮ್ಮೆ ಈ ಊಟ ಉಂಡ ಇರುವೆಗೆ ಮುಂದೆ ಇದೇ ಊಟವೇ ಗತಿ. ಇದನ್ನು ಬರೀ ಸ್ನೇಹ ಎನ್ನಲು ನನಗೆ ಮನಸ್ಸು ಒಪ್ಪದು. ಗಿಡ ಇಲ್ಲಿ ಇರುವೆಯನ್ನು ಕಟ್ಟಿಹಾಕಿದೆ.

ಇನ್ನು ‘ಯಾವಾಗ’ ಎಂಬ ಪ್ರಶ್ನೆ. ಕೀನ್ಯಾದಲ್ಲಿ ಇನ್ನೊಂದು ಜಾತಿಯ ಅಕೇಶಿಯಾಗಳಿಗೆ ಹತ್ತು ವರ್ಷ ಬೇಲಿ ಹಾಕಿ ಆನೆ, ಜಿರಾಫೆಗಳನ್ನು ದೂರವಿಟ್ಟರು. 2008ರಲ್ಲಿ ಬಂದ ಫಲಿತಾಂಶ ಇದು: ಮರಗಳು ಮಕರಂದವನ್ನೂ ಟೊಳ್ಳು ಮುಳ್ಳುಗಳನ್ನೂ ಕಡಿಮೆ ಮಾಡಿದ್ದವು. ಊಟ ತಗ್ಗಿದಾಗ ಚುರುಕು ಕಾವಲಿನ ಇರುವೆ ಹಿಂದೆ ಸರಿದು, ಬೇರೊಂದು ಜಾತಿ ನೆಲೆಯೂರಿತು. ಅದರ ಗೂಡು ಮುಳ್ಳಿನಲ್ಲಲ್ಲ, ಜೀರುಂಡೆಗಳು ಕಾಂಡದಲ್ಲಿ ಕೊರೆದ ಸುರಂಗಗಳಲ್ಲಿ. ಹಾಗಾಗಿ ಜೀರುಂಡೆ ಬಂದಷ್ಟೂ ಅದಕ್ಕೆ ಅನುಕೂಲ. ಎಲೆ ತಿನ್ನುವ ದೊಡ್ಡ ಪ್ರಾಣಿಗಳೇ ಇಲ್ಲದ ಬೇಲಿಯೊಳಗೆ, ಈ ಜಾತಿ ಸೇರಿಕೊಂಡ ಮರಗಳು ನಿಧಾನವಾಗಿ ಬೆಳೆದವು, ಹೆಚ್ಚಾಗಿ ಸತ್ತವು.