ಕಡಲು ಓದುವ ಆಸೆಯಾ? ಗಣಿತ ಬಿಡಬೇಡಿ

ಪಿಯುಸಿ ಮಕ್ಕಳು "ಮರೀನ್ ಬಯಾಲಜಿ (ಕಡಲ ಜೀವಶಾಸ್ತ್ರ) ಮಾಡ್ಬೇಕು, ಎಲ್ಲಿ ಸೇರಲಿ?" ಅಂತ ಕೇಳಿದರೆ ನನಗೆ ತುಂಬಾ ಖುಷಿ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಹಾಗಾದ್ರೆ ಇನ್ನು ಮ್ಯಾಥ್ಸ್ ಬೇಡ ಅಲ್ವಾ?" ಬೇಕು. ಫಿಸಿಕ್ಸೂ ಬೇಕು. ಯಾಕೆ ಅಂತ ತಿಳಿಯಲು ನಮ್ಮ ಕರಾವಳಿಯ ಬೂತಾಯಿ ಮೀನು ಸಾಕು.

ಬೂತಾಯಿಯ ಮುಖ್ಯ ಆಹಾರದಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಯೂ ಒಂದು. ಪಾಚಿ ಬೆಳೆಯಲು ಬಿಸಿಲು ಬೇಕು, ನೈಟ್ರೇಟ್, ಫಾಸ್ಫೇಟ್‌ನಂಥ ಗೊಬ್ಬರವೂ ಬೇಕು. ತೊಂದರೆ ಏನೆಂದರೆ ಕಡಲಲ್ಲಿ ಬಿಸಿಲು ಮೇಲೆ, ಗೊಬ್ಬರ ಕೆಳಗೆ. ಬೇಳೆಯೆಲ್ಲ ತಳ ಸೇರಿದ ಸಾರಿನ ಹಾಗೆ, ಯಾರಾದರೂ ಸೌಟು ಹಾಕಿ ಎತ್ತಬೇಕು. ನಮ್ಮಲ್ಲಿ ಆ ಕೆಲಸ ಮುಂಗಾರಿನ ಗಾಳಿಯದು. ಆ ತಿಂಗಳುಗಳಲ್ಲಿ ದಡದ ಹತ್ತಿರ ಗಾಳಿ ವಾಯವ್ಯದ ಕಡೆಯಿಂದ ಬೀಸುತ್ತದೆ, ಅದರ ಒಂದು ಪಾಲು ದಡದುದ್ದಕ್ಕೂ ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ಹಾಗಾದರೆ ನೀರು ದಕ್ಷಿಣಕ್ಕೇ ಹೋಗಬೇಕಲ್ವಾ? ಇಲ್ಲ. ಭೂಮಿ ತಿರುಗುತ್ತಿರುವುದರಿಂದ, ಮೇಲ್ಪದರದ ನೀರನ್ನೆಲ್ಲ ಕೂಡಿಸಿ ನೋಡಿದರೆ, ಉತ್ತರಾರ್ಧಗೋಳದಲ್ಲಿ ಅದು ಗಾಳಿಯ ಬಲಕ್ಕೆ 90 ಡಿಗ್ರಿ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಬಲಗಡೆ ಪಶ್ಚಿಮ, ಅಂದರೆ ತೆರೆದ ಕಡಲು. ಮೇಲಿನ ನೀರು ದಡ ಬಿಟ್ಟು ಹೋದ ಜಾಗಕ್ಕೆ ಕೆಳಗಿನ ತಣ್ಣನೆ ನೀರು ಗೊಬ್ಬರ ಹೊತ್ತು ಏರಿ ಬರುತ್ತದೆ, ಪಾಚಿ ಹುಲುಸಾಗುತ್ತದೆ. ಹಾಗೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ಕೆಲವು ಮೀನು ಜಾಗ ಖಾಲಿ ಮಾಡುತ್ತವೆ. ಅಂದರೆ ಕೆಮಿಸ್ಟ್ರಿಯೂ ಬಂತು.

ಈ ಬಲಕ್ಕೆ ಸರಿಯುವ ವಿಷಯ ಪತ್ತೆಯಾದ ಕಥೆ ನನಗೆ ಬಲು ಇಷ್ಟ. ನಾರ್ವೆಯ ಅನ್ವೇಷಕ ನಾನ್ಸೆನ್ 1893ರಲ್ಲಿ ಫ್ರಾಮ್ ಎಂಬ ಹಡಗನ್ನು ಬೇಕೆಂದೇ ಉತ್ತರಧ್ರುವದ ಹಿಮದಲ್ಲಿ ಸಿಕ್ಕಿಸಿದ, ಅದು ಹಿಮದ ಜೊತೆ ತೇಲುತ್ತಾ 1896ರಲ್ಲಿ ಹೊರಗೆ ಬಂತು. ಹಿಮ ಗಾಳಿಯ ದಿಕ್ಕಿಗೆ ಸಾಗದೆ ಅದರ ಬಲಕ್ಕೆ ವಾಲುವುದನ್ನು ಆತ ಗಮನಿಸಿದ್ದ. ಲೆಕ್ಕ ಬಿಡಿಸಿದ್ದು ಎಕ್ಮನ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ. ಅವನ ಹೆಸರಾಂತ ಪ್ರಬಂಧ 1905ರದ್ದು. ನಾನ್ಸೆನ್ ಓದಿದ್ದು ಏನು ಗೊತ್ತಾ? ಪ್ರಾಣಿಶಾಸ್ತ್ರ! ಪ್ರಾಣಿಶಾಸ್ತ್ರದವನು ನೋಡಿದ, ಗಣಿತ ಬಲ್ಲವನು ಬಿಡಿಸಿದ. ಕಡಲ ವಿಜ್ಞಾನ ಇವತ್ತಿಗೂ ನಡೆಯುವುದು ಹೀಗೇ.

ಇನ್ನು ಕಾಲೇಜಿನ ವಿಷಯ. ಡಿಗ್ರಿಯ ಹೆಸರಲ್ಲೇ "ಮರೀನ್" ಇರಬೇಕೆಂದು ಹಟ ಹಿಡಿಯಬೇಡಿ. ಮರೀನ್ ಎಂಜಿನಿಯರಿಂಗ್ ಅಂದರೆ ಹಡಗಿನ ಯಂತ್ರಗಳ ಓದು, ಅದು ಬೇರೆಯೇ ದಾರಿ. ಪ್ರಾಣಿಶಾಸ್ತ್ರವೋ ರಸಾಯನಶಾಸ್ತ್ರವೋ ಭೌತಶಾಸ್ತ್ರವೋ, ಯಾವುದೋ ಒಂದರಲ್ಲಿ ಗಟ್ಟಿಯಾಗಿ ಬಿಎಸ್ಸಿ ಮಾಡಿ, ಜೊತೆಗೆ ಸಂಖ್ಯಾಶಾಸ್ತ್ರ ಕಲಿಯಿರಿ. ಆಮೇಲೆ ಎಂಎಸ್ಸಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೀನ್ ಜಿಯಾಲಜಿ (ಕಡಲ ಭೂವಿಜ್ಞಾನ) ಇದೆ, ಕಡಲ ಭೌತಶಾಸ್ತ್ರ ಬೇಕಾದರೆ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಕುಸಾಟ್. ಮೀನುಗಾರಿಕೆಯ ಕಡೆ ಒಲವಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು, 1969ರದ್ದು, ಅಲ್ಲಿ 4 ವರ್ಷದ ಬಿಎಫ್ಎಸ್ಸಿ (ಮೀನುಗಾರಿಕಾ ವಿಜ್ಞಾನದ ಪದವಿ), ಸೀಟು ಸಿಇಟಿ ಮೂಲಕ. ಸಂಶೋಧನೆಗೆ ಸಾಮಾನ್ಯವಾಗಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಬೇಕಾಗುತ್ತದೆ. ವಿಜ್ಞಾನ ವಿಷಯಗಳಿಗಿರುವ ಸಿಎಸ್ಐಆರ್ ನೆಟ್‌ನಲ್ಲಿ ಜೀವವಿಜ್ಞಾನದ ಪೇಪರೂ ಇದೆ, ಭೂಮಿ, ವಾತಾವರಣ, ಸಾಗರ ಸೇರಿದ ಇನ್ನೊಂದು ಪೇಪರೂ ಇದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಹಡಗು ಹತ್ತುವವರೂ ಇದ್ದಾರೆ, ದಿನವಿಡೀ ಕಂಪ್ಯೂಟರಿನಲ್ಲಿ ಅಲೆಗಳ ಲೆಕ್ಕ ಹಾಕುವವರೂ ಇದ್ದಾರೆ. ಡಾಲ್ಫಿನ್ ಜೊತೆ ಈಜುವ ಕನಸು ಇಟ್ಟುಕೊಂಡೇ ಬನ್ನಿ, ಆದರೆ ಕೆಲಸದ ಬಹುಪಾಲು ಅಳತೆ, ಎಣಿಕೆ, ಲೆಕ್ಕ.

ನಂಬಿಕೆ ಬರದಿದ್ದರೆ ಸೇರುವ ಮೊದಲೇ ಒಮ್ಮೆ ಮಲ್ಪೆಗೋ ಮಂಗಳೂರಿನ ದಕ್ಕೆಗೋ (ಮೀನುಗಾರಿಕಾ ಬಂದರು) ಹೋಗಿ. ಮೀನು ಸಂಶೋಧನೆಯವರು ಮೀನಿನ ಉದ್ದ ಅಳೆದು, ತೂಕ ಬರೆದು, ಹೊಟ್ಟೆ ಕೊಯ್ದು ಏನು ತಿಂದಿದೆ, ಮೊಟ್ಟೆ ಎಷ್ಟು ಬಲಿತಿದೆ ಅಂತ ನೋಡುತ್ತಾರೆ. ತಲೆಯೊಳಗಿನ ಪುಟ್ಟ ಕಿವಿಗಲ್ಲು ತೆಗೆದು ಅದರ ಉಂಗುರ ಎಣಿಸಿ ವಯಸ್ಸು ಹೇಳುವುದೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಹೋದರೆ ಜಾಸ್ತಿ ಏನೂ ಸಿಗದು. ಆಗಸ್ಟ್ ಮೇಲೆ ಹೋಗಿ, ಬೆಳಗ್ಗೆ ಬೇಗ, ಜೊತೆಗೆ ಒಂದು ಸ್ಕೇಲು ಮತ್ತು ನೋಟ್‌ಬುಕ್ ಇರಲಿ.