ಬ್ಯಾಡಗಿಯಲ್ಲಿ ಚೀಲ ಹೆಚ್ಚಿದರೆ ವ್ಯಾಪಾರ ಹೆಚ್ಚಿತೇ? ಜಿಲ್ಲೆಯ ಆರ್ಥಿಕ ಸ್ಥಿತಿಯನ್ನು ಕೇಳಿ ತಿಳಿಯುವ ಬಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಒಂದು ಹಂಗಾಮು ಹೀಗೆ ಬಂತು ಎಂದುಕೊಳ್ಳಿ: ಹೋದ ವರ್ಷದ ಎರಡು ಪಟ್ಟು ಚೀಲ ಆವಕ, ದರ ಮಾತ್ರ ಅರ್ಧ. ಪ್ರಾಂಗಣದಲ್ಲಿ ನಾಲ್ಕು ಮಂದಿಯನ್ನು ನಿಲ್ಲಿಸಿ, "ಈ ಸಲ ವ್ಯಾಪಾರ ಹೆಂಗೈತ್ರಿ?" ಎಂದು ಕೇಳಿದರೆ ನಾಲ್ಕು ಉತ್ತರ ಬರುತ್ತವೆ. ಹಮಾಲರ ಕೂಲಿ ಚೀಲಕ್ಕಿಷ್ಟು ಎಂದು ಇರುವುದರಿಂದ ಅವರಿಗೆ ಕೈತುಂಬ ಕೆಲಸ. ದಲಾಲಿ ಅಂಗಡಿಯವರಿಗೆ ಸಿಗುವುದು ಮಾರಾಟದ ಮೊತ್ತದ ಮೇಲೆ ಶೇಕಡಾವಾರು. ಚೀಲ ಎರಡು ಪಟ್ಟಾಗಿ ದರ ಅರ್ಧವಾದರೆ ಮೊತ್ತ ಅಷ್ಟೇ ಇರುತ್ತದೆ, ಹಾಗಾಗಿ ಅವರು "ಹೋದ ವರ್ಷದಂಗ ಐತ್ರಿ" ಎನ್ನುತ್ತಾರೆ. ದರ ಏರಲಿ ಎಂದು ಕಾಯುವವರ ಚೀಲಗಳಿಂದ ಕೋಲ್ಡ್ ಸ್ಟೋರೇಜ್ ತುಂಬಿರುತ್ತದೆ, ಅದರ ಮಾಲೀಕರಿಗೆ ಒಳ್ಳೆಯ ವರ್ಷ. ಹೋದ ವರ್ಷದಷ್ಟೇ ಬೆಳೆ ತೆಗೆದ ರೈತನ ಆದಾಯ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ.

ನಾಲ್ವರೂ ಹೇಳಿದ್ದು ನಿಜ. ಎಡವಿದ್ದು ಕೇಳಿದವರು. ಎಷ್ಟು ಚೀಲ, ಎಷ್ಟು ಮೊತ್ತ, ಖರ್ಚು ಕಳೆದು ಎಷ್ಟು ಉಳಿಯಿತು ಎಂಬ ಮೂರನ್ನು ಬೇರೆ ಬೇರೆಯಾಗಿ ಕೇಳದ ಸಮೀಕ್ಷೆಯಿಂದ ಜಿಲ್ಲೆಯ ಸ್ಥಿತಿ ತಿಳಿಯುವುದಿಲ್ಲ. ಅದಕ್ಕೆ ಇನ್ನೊಂದು ತೊಡಕೂ ಉಂಟು. ಬ್ಯಾಡಗಿಗೆ ಬರುವ ಕಾಯಿ ಹಾವೇರಿ ಜಿಲ್ಲೆಯದಷ್ಟೇ ಅಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರಪ್ರದೇಶದಿಂದಲೂ ಲಾರಿಗಳು ಬರುತ್ತವೆ. ಆವಕ ಹೆಚ್ಚಿತೆಂದು ಹಾವೇರಿಯ ಹೊಲಗಳಲ್ಲಿ ಬೆಳೆ ಹೆಚ್ಚಿತು ಎಂದು ಬರೆದರೆ ಅದು ತಪ್ಪು ಲೆಕ್ಕ.

ಸರಕಾರದ ಅಂಕಿಅಂಶ ಇದೆಯಲ್ಲ, ಮತ್ತೆ ಕೇಳುವುದೇಕೆ? ಅಂಕಿಅಂಶ ಇದೆ, ಆದರೆ ತಡವಾಗಿ ಬರುತ್ತದೆ, ದೊಡ್ಡ ಪ್ರದೇಶದ ಸರಾಸರಿಯಾಗಿ ಬರುತ್ತದೆ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಮುಖ್ಯವಾಗಿ ವಿದ್ಯುತ್ ಬಳಸಿ 10 ಅಥವಾ ಹೆಚ್ಚು ಜನ, ವಿದ್ಯುತ್ ಇಲ್ಲದೆ 20 ಅಥವಾ ಹೆಚ್ಚು ಜನ ದುಡಿಯುವ ನೋಂದಾಯಿತ ಕಾರ್ಖಾನೆಗಳನ್ನು ಹಿಡಿಯುತ್ತದೆ; ಅದೂ ಹಣಕಾಸು ವರ್ಷದ ಲೆಕ್ಕಪತ್ರ ಮುಗಿದ ಮೇಲೆ. ಹುಬ್ಬಳ್ಳಿ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ನಾಲ್ವರು ಕೆಲಸ ಮಾಡುತ್ತಿದ್ದರೆ ಅವರು ಅದರಲ್ಲಿ ಬರುವುದಿಲ್ಲ. ಅಂಥವರಿಗಾಗಿ ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆ ಬೇರೆ ಇದೆ. ಅದರ 2023–24ರ ಅಂದಾಜಿನಂತೆ ಕೃಷಿ ಮತ್ತು ಕಟ್ಟಡ ಕೆಲಸ ಬಿಟ್ಟು ಇಂಥ ಘಟಕಗಳು ದೇಶದಲ್ಲಿ 7.34 ಕೋಟಿ, ಅವುಗಳಲ್ಲಿ ದುಡಿಯುವವರು 12.06 ಕೋಟಿ.

ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ ಬಹುಕಾಲ ಧಾರವಾಡ, ಗದಗ, ಹಾವೇರಿ ಎಂಬ ನಮ್ಮ ಮೂರು ಜಿಲ್ಲೆಗಳು 'ಉತ್ತರ ಒಳನಾಡು' ಎಂಬ ಒಂದೇ ಪ್ರದೇಶದೊಳಗೆ ಸೇರಿದ್ದವು. ಬೀದರಿನಿಂದ ಹಾವೇರಿಯವರೆಗೆ ಒಂದೇ ತುಂಡು. ಅರೆಮಲೆನಾಡಿನ ಕಲಘಟಗಿಯನ್ನೂ ಒಣ ಬೇಸಾಯದ ಮುಂಡರಗಿಯನ್ನೂ ಒಂದೇ ಸರಾಸರಿಯಲ್ಲಿ ಹಾಕಿದರೆ ಎರಡರದ್ದೂ ನಿಜ ಸ್ಥಿತಿ ಕಾಣುವುದಿಲ್ಲ. ಜನವರಿ 2025ರಿಂದ ಕಾರ್ಮಿಕ ಬಲ ಸಮೀಕ್ಷೆ ಮತ್ತು ಅಸಂಘಟಿತ ಉದ್ಯಮಗಳ ಸಮೀಕ್ಷೆಗಳ ಮಾದರಿ ವಿನ್ಯಾಸದಲ್ಲಿ ಬಹುಮಟ್ಟಿಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಂಡಿದ್ದಾರೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ "ಈ ತಿಂಗಳು ಗದಗಿನಲ್ಲಿ ಏನಾಗುತ್ತಿದೆ?" ಎಂಬುದಕ್ಕೆ ಈ ತಿಂಗಳೇ ಉತ್ತರ ಬೇಕಾದರೆ ಕೇಳಿಯೇ ತಿಳಿಯಬೇಕು.

ಹಾಗೆ ಕೇಳಿ ತಿಳಿಯುವ ಪದ್ಧತಿ ಹೊಸದಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ 12 ವಲಯಗಳ ಉದ್ಯಮಿಗಳು, ಬ್ಯಾಂಕಿನವರು, ಸಂಘಸಂಸ್ಥೆಗಳನ್ನು ಮಾತಾಡಿಸಿ ವರ್ಷಕ್ಕೆ 8 ಸಲ ವರದಿ ಹೊರತರುತ್ತದೆ. 1970ರಲ್ಲಿ ಒಳಬಳಕೆಗೆಂದು ಶುರುವಾದ ಅದು 1983ರಿಂದ 'ಬೇಜ್ ಬುಕ್' ಎಂಬ ಹೆಸರಿನಲ್ಲಿ ಸಾರ್ವಜನಿಕವಾಗಿದೆ. ಅದರಲ್ಲಿ ಅಂಕಿಗಳಿಗಿಂತ ಮಾತೇ ಹೆಚ್ಚು. ಜಪಾನಿನ ಕೇಂದ್ರ ಬ್ಯಾಂಕಿನ 'ಟಾಂಕನ್' ಸಮೀಕ್ಷೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ, ಕೇಳಿದವರಲ್ಲಿ ಶೇ 99ರ ಆಸುಪಾಸು ಕಂಪನಿಗಳು ಉತ್ತರಿಸುತ್ತವೆ. ಜರ್ಮನಿಯ ಇಫೊ ಸಂಸ್ಥೆ ಪ್ರತಿ ತಿಂಗಳು ಸುಮಾರು 9,000 ಕಂಪನಿಗಳಿಗೆ ಈಗಿನ ಸ್ಥಿತಿ ಹೇಗಿದೆ, ಮುಂದಿನ ಆರು ತಿಂಗಳು ಹೇಗಿರಬಹುದು ಎಂದು ಕೇಳುತ್ತದೆ. ನಮ್ಮ ರಿಸರ್ವ್ ಬ್ಯಾಂಕೂ ಮೂರು ತಿಂಗಳಿಗೊಮ್ಮೆ ತಯಾರಿಕಾ ಕಂಪನಿಗಳನ್ನು ಉತ್ಪಾದನೆ, ಆರ್ಡರು, ಉದ್ಯೋಗ ಏರಿತೇ, ಇಳಿಯಿತೇ ಎಂದು ಕೇಳುತ್ತದೆ. ಅದರ ಫಲಿತಾಂಶ ಪ್ರಕಟವಾಗುವುದು ದೇಶದ ಮಟ್ಟದಲ್ಲಿ. ಧಾರವಾಡ, ಗದಗ, ಹಾವೇರಿಗಳಿಗೆ ಇಂಥದ್ದೊಂದನ್ನು ವಾಣಿಜ್ಯೋದ್ಯಮ ಸಂಸ್ಥೆಯೋ ಕಾಲೇಜಿನ ಅರ್ಥಶಾಸ್ತ್ರ ವಿಭಾಗವೋ ನಡೆಸಬಹುದು. ಹಣಕ್ಕಿಂತ ಶಿಸ್ತು ಹೆಚ್ಚು ಬೇಡುವ ಕೆಲಸ ಇದು.

ಮೊದಲು ಪಟ್ಟಿ. ಜಿಎಸ್‌ಟಿ ನೋಂದಣಿ ಅಥವಾ ಸಂಘದ ಸದಸ್ಯರ ಪಟ್ಟಿಯನ್ನೇ ನಂಬಿದರೆ ಬೆಟಗೇರಿ, ಗಜೇಂದ್ರಗಡದ ನೇಕಾರರ ಮನೆಗಳು, ರೊಟ್ಟಿ-ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳು ಬಿಟ್ಟುಹೋಗುತ್ತಾರೆ. ಆದ್ದರಿಂದ ಊರನ್ನು ತುಂಡುಗಳಾಗಿ ಹಂಚಿ, ಚೀಟಿ ಎತ್ತಿದ ತುಂಡುಗಳಲ್ಲಿ ಓಣಿ ಓಣಿ ತಿರುಗಿ ಪ್ರತಿ ಬಾಗಿಲನ್ನೂ ಕೇಳಿ ಪಟ್ಟಿ ಮಾಡಬೇಕು. ಸಮೀಕ್ಷಕರು ಮುಖ್ಯರಸ್ತೆಯ ಅಂಗಡಿಗಳಲ್ಲೇ ಮುಗಿಸಿ ಬರುವುದು ಎಲ್ಲೆಡೆ ಕಾಣುವ ದೋಷ. ಹುಬ್ಬಳ್ಳಿಯಲ್ಲಿ ದುರ್ಗದ ಬೈಲ್, ಕೊಪ್ಪೀಕರ ರಸ್ತೆಗಳಷ್ಟೇ ಬಂದು ಹಿಂದಿನ ಓಣಿಯ ಗೋದಾಮುಗಳು ಬರದಿದ್ದರೆ ಅದು ಚಿಲ್ಲರೆ ಬಟ್ಟೆ-ಬಂಗಾರದ ಸಮೀಕ್ಷೆಯಾದೀತೇ ಹೊರತು ಹುಬ್ಬಳ್ಳಿಯದಲ್ಲ.

ಕೃಷಿ ಮಾರುಕಟ್ಟೆ, ಕಾರ್ಖಾನೆ ಮತ್ತು ಶೆಡ್ಡು, ನೇಕಾರಿಕೆ ಮತ್ತು ಮನೆ ಉದ್ಯೋಗ, ಸಗಟು-ಚಿಲ್ಲರೆ, ಸಾಗಣೆ, ಕಟ್ಟಡ, ಹೋಟೆಲಿನಂಥ ಸೇವೆ: ಹೀಗೆ 7 ವಿಭಾಗ. ಜಿಲ್ಲೆಗೆ ಪ್ರತಿ ವಿಭಾಗದಲ್ಲಿ 20 ಘಟಕ ಎಂದರೆ ಮೂರು ಜಿಲ್ಲೆಗೆ 420. ಪ್ರತಿ ತಿಂಗಳು ಇದೇ 420 ಮಂದಿಯನ್ನು ಕೇಳಬೇಕು, ಹೊಸಬರನ್ನು ಹುಡುಕಬಾರದು. ಏಕೆಂದರೆ ನಮ್ಮಲ್ಲಿ ವ್ಯಾಪಾರ ಭರ್ಜರಿ ಐತಿ ಎಂದು ಬಾಯಿಬಿಟ್ಟು ಹೇಳುವವರು ಅಪರೂಪ. ಸದಾ "ಏನ್ ಹೇಳೂದ್ರಿ, ನಡದೈತಿ" ಎನ್ನುವವರು ಒಂದು ತಿಂಗಳು "ಅಡ್ಡಿಯಿಲ್ಲ" ಎಂದರೆ ಅಲ್ಲಿ ಏರಿಕೆ ಇದೆ. ಅದೇ ವ್ಯಕ್ತಿಯ ಹಿಂದಿನ ಉತ್ತರಗಳ ಜೊತೆ ಹೋಲಿಸಿದಾಗ ಈ ಸ್ವಭಾವದ ಭಾರ ಕಳೆದುಹೋಗಿ ಬದಲಾವಣೆ ಮಾತ್ರ ಉಳಿಯುತ್ತದೆ.

ಯಾರು ಉತ್ತರಿಸುತ್ತಾರೆ ಎಂಬುದನ್ನೂ ಗಟ್ಟಿ ಮಾಡಿಕೊಳ್ಳಬೇಕು. ಒಂದು ತಿಂಗಳು ಸಾವಕಾರರು, ಇನ್ನೊಂದು ತಿಂಗಳು ಅವರ ಮಗ, ಮತ್ತೊಂದು ತಿಂಗಳು ದಿವಾನಜಿ ಉತ್ತರಿಸಿದರೆ ಅದು ಮೂವರ ಅಭಿಪ್ರಾಯವಾಗುತ್ತದೆ. ಲೆಕ್ಕದ ಪುಸ್ತಕ ಕೈಯಲ್ಲಿರುವ ದಿವಾನಜಿಯೇ ಎಷ್ಟೋ ಸಲ ಉತ್ತಮ ಆಯ್ಕೆ. ಬ್ಯಾಡಗಿಗೆ ಸೋಮವಾರ, ಗುರುವಾರ ಹೋಗಬಾರದು. ಅವು ವಹಿವಾಟಿನ ದಿನ, ಯಾರಿಗೂ ಪುರುಸೊತ್ತಿರುವುದಿಲ್ಲ. ಹೆಚ್ಚು ಗಿರಾಕಿ ಇರುವವರು ಉತ್ತರಿಸದೆ, ಖಾಲಿ ಕೂತವರಷ್ಟೇ ಉತ್ತರಿಸಿದರೆ ಫಲಿತಾಂಶ ತಾನಾಗಿ ಇಳಿಮುಖವಾಗುತ್ತದೆ.

ಚೀಲ, ಮೊತ್ತ, ಉಳಿಕೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಆದರೆ ರೂಪಾಯಿಯ ಅಂಕಿ ಕೇಳಬೇಡಿ. ರೂಪಾಯಿ ಎಂದೊಡನೆ ತೆರಿಗೆಯ ನೆನಪಾಗಿ ಅಂಕಿ ಕುಗ್ಗುತ್ತದೆ. ಏರಿತೇ, ಅಷ್ಟೇ ಇದೆಯೇ, ಇಳಿಯಿತೇ ಎಂಬ ದಿಕ್ಕನ್ನು ಮಾತ್ರ ಕೇಳಿದರೆ ಜನ ಸಲೀಸಾಗಿ ಹೇಳುತ್ತಾರೆ. 'ಅಷ್ಟೇ' ಎಂದರೆ ಹೆಚ್ಚು-ಕಡಿಮೆ ಶೇ 5ರೊಳಗೆ ಎಂದು ಮೊದಲೇ ತಿಳಿಸಿಬಿಡಬೇಕು. ಅದರ ಜೊತೆಗೆ ಪ್ರತಿ ಕಸುಬಿಗೂ ಅದರದ್ದೇ ಒಂದು ನಿಖರ ಪ್ರಶ್ನೆ ಬೇಕು. ನೇಕಾರರಿಗೆ: ಹೋದ ವಾರ ಮಗ್ಗ ಎಷ್ಟು ದಿನ ನಡೆಯಿತು? ಗದಗಿನ ಮುದ್ರಣಾಲಯಕ್ಕೆ: ಕಾಗದದ ಆರ್ಡರು ಎಷ್ಟು ವಾರಕ್ಕೆ ಸಾಕಾಗುವಷ್ಟು ಹಾಕಿದ್ದೀರಿ? ಲಾರಿ ಟ್ರಾನ್ಸ್‌ಪೋರ್ಟಿನವರಿಗೆ: ಮರಳಿ ಬರುವಾಗ ಲೋಡ್ ಸಿಗಲು ಎಷ್ಟು ದಿನ ಕಾಯಬೇಕಾಯಿತು? ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೆ: ಮುಂಗಡ ಕೊಟ್ಟವರು ಹೆಚ್ಚಾದರೇ?

ಈ ಎಲ್ಲದರಲ್ಲಿ ಅತ್ಯಂತ ಬೆಲೆಯುಳ್ಳ ಪ್ರಶ್ನೆ ಸಗಟು ಕಿರಾಣಿ, ಗೊಬ್ಬರ-ಔಷಧ ಅಂಗಡಿಗಳಿಗೆ ಕೇಳುವಂಥದ್ದು: "ಉದ್ರಿ ವಸೂಲಿಗೆ ಈಗ ಎಷ್ಟು ದಿನ ಹಿಡೀತದರಿ?" ಮಾರಾಟ ಇಳಿಯುವ ಮೊದಲೇ ಉದ್ರಿಯ ದಿನ ಹೆಚ್ಚುತ್ತದೆ. ಹಳ್ಳಿಯಲ್ಲಿ ದುಡ್ಡು ಕೈಬಿಗಿಯಾದಾಗ ಜನ ಸಾಮಾನು ಕೊಳ್ಳುವುದನ್ನು ಕೂಡಲೇ ನಿಲ್ಲಿಸುವುದಿಲ್ಲ, ಹಣ ಕೊಡುವುದನ್ನು ಮುಂದೂಡುತ್ತಾರೆ. ಹಳ್ಳಿಯ ಅಂಗಡಿ ತಾಲ್ಲೂಕಿನವರಿಗೆ, ಅವರು ಹುಬ್ಬಳ್ಳಿಯ ಸಗಟಿನವರಿಗೆ ತಡ ಮಾಡುತ್ತಾರೆ. ಅಲ್ಲಿ 30 ದಿನ 45 ಆದರೆ, ಮುಂದಿನ ತಿಂಗಳುಗಳಲ್ಲಿ ಚಿಲ್ಲರೆ ಮಾರಾಟದ ಮೇಲೆ ಕಣ್ಣಿಡಬೇಕು.

ಇನ್ನು ಲೆಕ್ಕ. 60 ಮಂದಿಯಲ್ಲಿ 24 ಮಂದಿ ಏರಿದೆ, 21 ಮಂದಿ ಅಷ್ಟೇ, 15 ಮಂದಿ ಇಳಿದಿದೆ ಎಂದರೆ ಶೇ 40, 35, 25. ಏರಿಕೆಯಿಂದ ಇಳಿಕೆ ಕಳೆದರೆ ನಿವ್ವಳ +15. ಪತ್ರಿಕೆಗಳಲ್ಲಿ ಕಾಣುವ ಪಿಎಂಐ (ಕಂಪನಿಗಳ ಖರೀದಿ ವ್ಯವಸ್ಥಾಪಕರನ್ನು ಕೇಳಿ ಮಾಡುವ ಸೂಚ್ಯಂಕ) ಮಾದರಿಯಲ್ಲಿ 'ಅಷ್ಟೇ' ಎಂದವರ ಅರ್ಧವನ್ನು ಏರಿಕೆಗೆ ಕೂಡಿಸುತ್ತಾರೆ: 40 + 17.5 = 57.5; ಅಲ್ಲಿ 50 ಎಂದರೆ ಬದಲಾವಣೆ ಇಲ್ಲ. ಎರಡೂ ಒಂದೇ ಮಾಹಿತಿ.

ಆದರೆ +15 ಕಂಡು ಹಿಗ್ಗುವ ಮೊದಲು ಅದರ ಅನಿಶ್ಚಿತತೆ ನೋಡಬೇಕು. ಏರಿಕೆ ಮತ್ತು ಇಳಿಕೆಯ ಪಾಲುಗಳನ್ನು ಕೂಡಿಸಿ (0.40 + 0.25), ಅದರಿಂದ ನಿವ್ವಳದ ವರ್ಗವನ್ನು (0.15 × 0.15) ಕಳೆದು, ಉತ್ತರಿಸಿದವರ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು ಸುಮಾರು 2ರಿಂದ ಗುಣಿಸಿ. 60 ಮಂದಿಗೆ ಬರುವುದು ±0.20, ಶೇಕಡಾ ಲೆಕ್ಕದಲ್ಲಿ ±20. ಅಂದರೆ ನಿಜವಾದ ನಿವ್ವಳ −5ರಿಂದ +35ರವರೆಗೆ ಎಲ್ಲಾದರೂ ಇರಬಹುದು, +15 ಎಂಬುದನ್ನು ಸೊನ್ನೆಯಿಂದ ಬೇರೆ ಎಂದು ಹೇಳಲಾಗದು! ಜಿಲ್ಲೆಗೆ 140 ಆದರೆ ±13, ಮೂರು ಜಿಲ್ಲೆ ಸೇರಿ 420 ಆದರೆ ಸುಮಾರು ±8. ಒಂದು ಜಿಲ್ಲೆಯ ಒಂದು ವಿಭಾಗದ 20 ಮಂದಿಗೆ ±35. ಅದನ್ನು ಸಂಖ್ಯೆಯಾಗಿ ಪ್ರಕಟಿಸಲೇಬಾರದು, ಮಾತಿನಲ್ಲಿ ಬರೆಯಬಹುದು ಅಷ್ಟೇ. ಸರಳ ಯಾದೃಚ್ಛಿಕ ಆಯ್ಕೆಯ, ಅಂದರೆ ಎಲ್ಲರ ಹೆಸರಿನಿಂದ ಚೀಟಿ ಎತ್ತಿದ ಆಯ್ಕೆಯ, ಲೆಕ್ಕ ಇದು; ಘಟಕದ ಗಾತ್ರಕ್ಕೆ ತಕ್ಕ ತೂಕ ಹಾಕಿದಾಗ ಅನಿಶ್ಚಿತತೆ ಸಾಮಾನ್ಯವಾಗಿ ಇನ್ನಷ್ಟು ಹಿಗ್ಗುತ್ತದೆ. ತಿಂಗಳಿನಿಂದ ತಿಂಗಳಿಗೆ ಆದ ಬದಲಾವಣೆಯನ್ನು ಮಾತ್ರ ಅದೇ ಜನರನ್ನು ಕೇಳುವುದರಿಂದ ಹೆಚ್ಚು ನಿಖರವಾಗಿ ಹಿಡಿಯಬಹುದು.

ತೂಕ ಏಕೆ ಬೇಕು? 3 ದೊಡ್ಡ ಕಾರ್ಖಾನೆಗಳಲ್ಲಿ 600 ಜನ, ತಲಾ ಹೆಚ್ಚುಕಡಿಮೆ ಅಷ್ಟಷ್ಟೇ ಆಳುಗಳಿರುವ 27 ಸಣ್ಣ ಶೆಡ್ಡುಗಳಲ್ಲಿ ಒಟ್ಟು 150 ಜನ ದುಡಿಯುತ್ತಾರೆ ಎನ್ನಿ. ದೊಡ್ಡ ಮೂರೂ ಏರಿದೆ ಎನ್ನುತ್ತವೆ. ಶೆಡ್ಡುಗಳಲ್ಲಿ 18 ಇಳಿದಿದೆ, 9 ಅಷ್ಟೇ ಎನ್ನುತ್ತವೆ. ಘಟಕಕ್ಕೆ ಒಂದು ಮತದಂತೆ ಎಣಿಸಿದರೆ ನಿವ್ವಳ −50. ಆಳುಗಳ ಸಂಖ್ಯೆಯ ತೂಕ ಹಾಕಿದರೆ +67. ಒಂದೇ ಊರು, ಒಂದೇ ತಿಂಗಳು! ಇದರಲ್ಲಿ ಒಂದನ್ನೇ ಆರಿಸಿ ಅಚ್ಚು ಹಾಕುವುದು ಓದುಗರಿಗೆ ಮಾಡುವ ಅನ್ಯಾಯ. ಎರಡನ್ನೂ ಪಕ್ಕಪಕ್ಕದಲ್ಲಿ ಕೊಟ್ಟಾಗ ಮಾತ್ರ, ಉತ್ಪಾದನೆ ಏರಿದರೂ ಸಣ್ಣವರ ಕೈಗೆ ಕೆಲಸ ಬರುತ್ತಿಲ್ಲ ಎಂಬ ನಿಜ ಸಂಗತಿ ಹೊರಬರುತ್ತದೆ.

ಹಂಗಾಮಿನ ವಿಷಯಕ್ಕೆ ಬಂದರೆ, ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಹೆಸರುಕಾಳು ಬಂದಾಗ ಗದಗ ಮಾರುಕಟ್ಟೆ ಹಿಂದಿನ ತಿಂಗಳಿಗಿಂತ ಏರಿದ್ದೇ ಇರುತ್ತದೆ. ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಹಾಗಾಗಿ ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಲು ಹೇಳಬೇಕು. ಅದರಲ್ಲೂ ಹಬ್ಬ ಕೈಕೊಡುತ್ತದೆ. ದೀಪಾವಳಿ 2023ರಲ್ಲಿ ನವೆಂಬರ್ 12ರ ಹೊತ್ತಿಗೆ ಬಂತು, 2024ರಲ್ಲಿ ಅಕ್ಟೋಬರ್ ಕೊನೆಗೇ ಶುರುವಾಯಿತು. ಬಟ್ಟೆ ಅಂಗಡಿಯವರನ್ನು ನವೆಂಬರ್ 2024ರ ಬಗ್ಗೆ ಕೇಳಿದ್ದರೆ ಇಳಿದಿದೆ ಎಂಬ ಉತ್ತರವೇ ಸಹಜ, ಕೊಳ್ಳುವವರು ಅಕ್ಟೋಬರಿನಲ್ಲೇ ಕೊಂಡು ಮುಗಿಸಿರುತ್ತಾರೆ. ಈ ಎರಡು ತಿಂಗಳನ್ನು ಕೂಡಿಸಿ ನೋಡುವುದೊಂದೇ ದಾರಿ. ಹಳೆಯ ಸರಣಿಗಳನ್ನು ಬಳಸುವವರು ಇನ್ನೊಂದು ನೆನಪಿಡಬೇಕು: ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಧಾರವಾಡದ ಅಂಕಿಗೆ ಹೋಲಿಸುವಾಗ ಈಗಿನ ಮೂರನ್ನೂ ಕೂಡಿಸಬೇಕು.

ಮುಚ್ಚಿಹೋದ ಅಂಗಡಿಯನ್ನು ಪಟ್ಟಿಯಿಂದ ಸುಮ್ಮನೆ ತೆಗೆದುಹಾಕುವುದು ಮಾರಕ ತಪ್ಪು. ಉಳಿದವರಷ್ಟೇ ಉತ್ತರಿಸುತ್ತಾ ಹೋದರೆ ಕೆಟ್ಟ ವರ್ಷದಲ್ಲೂ ಸೂಚ್ಯಂಕ ಚೆನ್ನಾಗಿ ಕಾಣುತ್ತದೆ. ವ್ಯಾಪಾರವಿಲ್ಲದೆ ಬಾಗಿಲು ಹಾಕಿದ್ದನ್ನು ಆ ತಿಂಗಳು 'ಇಳಿಕೆ' ಎಂದು ದಾಖಲಿಸಿ, ಅದೇ ವಿಭಾಗದಿಂದ ಚೀಟಿ ಎತ್ತಿ ಇನ್ನೊಂದನ್ನು ಸೇರಿಸಬೇಕು.

ಬಂದ ಫಲಿತಾಂಶವನ್ನು ಹೊರಗಿನ ಅಂಕಿಗಳಿಗೆ ತಾಳೆ ನೋಡಬೇಕು. ಹೆಸ್ಕಾಂನ ಹೈಟೆನ್ಷನ್ ವಿದ್ಯುತ್ ಬಳಕೆ, ಎಪಿಎಂಸಿ ಆವಕ, ಇ-ವೇ ಬಿಲ್ಲುಗಳ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಸಂಖ್ಯೆ, ರೈಲ್ವೆ ಸರಕು ಸಾಗಣೆ ನಾಲ್ಕೂ ಉಪಯೋಗಕ್ಕೆ ಬರುತ್ತವೆ, ನಾಲ್ಕಕ್ಕೂ ಮಿತಿ ಇದೆ. ಸಾಮಾನ್ಯವಾಗಿ ₹50,000 ಮೀರಿದ ಸರಕಿಗೆ ಮಾತ್ರ ಇ-ವೇ ಬಿಲ್ ಕಡ್ಡಾಯ, ಸಣ್ಣ ಸಾಗಣೆ ಅದರಲ್ಲಿ ಕಾಣದು. ಕಾರ್ಖಾನೆ ತನ್ನ ಚಾವಣಿಯ ಮೇಲೆ ಸೋಲಾರ್ ಹಾಕಿದರೆ ಉತ್ಪಾದನೆ ಇಳಿಯದೆಯೂ ಹೆಸ್ಕಾಂ ಬಳಕೆ ಇಳಿಯುತ್ತದೆ. ಸಮೀಕ್ಷೆ ಒಂದು ಹೇಳಿ ವಿದ್ಯುತ್ ಇನ್ನೊಂದು ಹೇಳಿದರೆ ಅಂಕಿ ತಿದ್ದಬಾರದು. ಆ ವಿಭಾಗದ ನಾಲ್ಕೈದು ಮಂದಿಯನ್ನು ಮತ್ತೆ ಕಂಡು ಕಾರಣ ಕೇಳಬೇಕು.

ಗುಟ್ಟು ಕಾಯುವುದು ಇಲ್ಲಿ ಬೆಂಗಳೂರಿಗಿಂತ ಕಷ್ಟ. ಧಾರವಾಡ ಜಿಲ್ಲೆಯಲ್ಲಿ ಬಸ್ಸು ತಯಾರಿಕೆ ಎಂದೊಡನೆ ಯಾವ ಕಾರ್ಖಾನೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಮೂರಕ್ಕಿಂತ ಕಡಿಮೆ ಘಟಕಗಳಿರುವ ಅಥವಾ ಒಂದೇ ಘಟಕ ಬಹುಪಾಲು ತುಂಬಿರುವ ಯಾವ ಅಂಕಿಯನ್ನೂ ಬೇರೆಯಾಗಿ ಕೊಡದೆ ದೊಡ್ಡ ಗುಂಪಿಗೆ ಸೇರಿಸಬೇಕು. 2008ರ ಅಂಕಿಅಂಶ ಸಂಗ್ರಹ ಕಾಯ್ದೆಯೂ ಅದರ ಅಡಿ ಸಂಗ್ರಹಿಸಿದ ಮಾಹಿತಿಯಲ್ಲಿ ಉತ್ತರಿಸಿದವರ ಗುರುತು ಬಯಲಾಗಬಾರದು ಎನ್ನುತ್ತದೆ. ಒಮ್ಮೆ ಯಾರದೋ ಲೆಕ್ಕ ಪೇಟೆಯಲ್ಲಿ ಮಾತಾಯಿತೆಂದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ.

ಉತ್ತರಿಸಿದವರಿಗೆ ಅದೇ ತಿಂಗಳು ಒಂದು ಪುಟದ ಕನ್ನಡ ಹಾಳೆ ತಲುಪಬೇಕು: ತಮ್ಮ ವಿಭಾಗ ಮೂರು ಜಿಲ್ಲೆಗಳಲ್ಲಿ ಹೇಗಿದೆ, ಉದ್ರಿಯ ದಿನ ಎಷ್ಟಾಗಿದೆ, ಲಾರಿ ಬಾಡಿಗೆ ಯಾವ ಕಡೆ ಹೊರಟಿದೆ. ಹಾವೇರಿಯ ಗೋವಿನಜೋಳದ ವ್ಯಾಪಾರಿಗೆ ಹುಬ್ಬಳ್ಳಿಯ ಲಾರಿ ಸ್ಥಿತಿ ಗೊತ್ತಾದರೆ ಅದು ಅವರ ಕೆಲಸಕ್ಕೆ ಬರುವ ಮಾಹಿತಿ. ಹಾಳೆ ತಲುಪದಿದ್ದರೆ ಕೆಲವೇ ಸುತ್ತುಗಳಲ್ಲಿ ಉತ್ತರಿಸುವವರು ಕರಗುತ್ತಾರೆ, ಮೊದಲು ಬಿಟ್ಟುಹೋಗುವವರು ಹೆಚ್ಚು ವಹಿವಾಟು ಇರುವವರೇ.